ಆಸ್ಪತ್ರೆಗೆ ನಾಲ್ಕು ನಿಮಿಷ

ಬರ್ನಿಸ್ ಪಾವ್ಲಾಕ್ ಕೈಗಡಿಯಾರ ನೋಡಿಕೊಂಡಳು. ಅಂಬರ್ ಮೆಸಾ ಬಡಾವಣೆಯ ಗೇಟಿನಿಂದ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿನವರೆಗೆ ನಾಲ್ಕು ನಿಮಿಷ. ನಡುವೆ ಎರಡು ಸಿಗ್ನಲ್. ಒಂದು ಕೆಂಪು ಬಿದ್ದಿತ್ತು, ಅದನ್ನು ಸೇರಿಸಿಯೂ ನಾಲ್ಕೇ. ಹಸಿರಿದ್ದರೆ ಮೂರು ಆಗಬಹುದೇನೋ ಎನಿಸಿ, "ಇನ್ನೊಂದ್ಸಲ ಹೋಗಿ ಬರೋಣ್ವಾ?" ಎಂದು ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ ಕೇಳಿದಳು. ಕಾರು ಓಡಿಸುತ್ತಿದ್ದ ಮಗಳು ಕೊರಿನ್ ಕನ್ನಡಿಯಲ್ಲಿ ತಾಯಿಯ ಮುಖ ನೋಡಿದಳು. "ಅಮ್ಮ, ನಾವು ಮನೆ ನೋಡಕ್ಕೆ ಬಂದಿರೋದು. ಆಂಬುಲೆನ್ಸ್ ಓಡ್ಸೋ ಕೆಲಸಕ್ಕೆ ಅರ್ಜಿ ಹಾಕಕ್ಕಲ್ಲ." ಅವಳ ಪಕ್ಕದಲ್ಲಿ ಕೂತಿದ್ದ ಅಪ್ಪ ಕ್ಲೆಮ್ "ಮಂಗಳವಾರ" ಎಂದು ಹೇಳಿ ಬಾಯಿಯ ಒಂದೇ ಪಕ್ಕದಿಂದ ನಕ್ಕ. ಅಂದು ಗುರುವಾರ. ಹದಿನೇಳು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು, ಬಲಗೈಯ ಪೂರ್ತಿ, ಬಲಗಾಲಿನ ಅರ್ಧ ಕಸುವಿನ ಜೊತೆ ಮಾತನ್ನೂ ಕೊಂಡೊಯ್ದಾಗ ಅವನ ಬಾಯಲ್ಲಿ ಉಳಿದದ್ದು ಹೌದು, ಇಲ್ಲ, ಮತ್ತು ಯಾಕೆಂದು ಯಾರಿಗೂ ತಿಳಿಯದ ಈ ಮಂಗಳವಾರ. ಉಪ್ಪು ಬೇಕಾದರೂ ಮಂಗಳವಾರ, ಬೆನ್ನು ತುರಿಸಿದರೂ ಮಂಗಳವಾರ, ಮಗಳನ್ನು ನೋಡಿ ಕಣ್ಣು ತುಂಬಿ ಬಂದರೂ ಮಂಗಳವಾರ. ಬೈಗುಳ ಮಾತ್ರ ಇಡಿಯಾಗಿ ಉಳಿದಿತ್ತು. ಅದು ಮಿದುಳಿನ ಬೇರೆ ಕೋಣೆಯಲ್ಲಿರುತ್ತದೆ ಎಂದು ಡಾಕ್ಟರು ವಿವರಿಸಿದ್ದರು. ದೂರದ ಬಫಲೋ ನಗರದಲ್ಲಿ ಮೂವತ್ತಮೂರು ವರ್ಷ ಸಿಟಿ ಬಸ್ಸು ಓಡಿಸಿದವನು; ಹತ್ತಿದವರನ್ನೆಲ್ಲ ಮಾತಾಡಿಸಿ, ಯಾರ ಮಗಳ ಮದುವೆ ಮುರಿಯಿತು, ಯಾರ ಮೊಣಕಾಲಿಗೆ ಆಪರೇಷನ್ ಆಯಿತು ಎಂದು ಸಂಜೆ ಅಡುಗೆಮನೆಯಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದವನು. ಆಗ ಅವಳಿಗೆ ಅದು ಕಿರಿಕಿರಿಯಾಗುತ್ತಿತ್ತು. ಸುಮ್ಮನೆ ಇರಬಾರದಾ ಒಂದು ಗಳಿಗೆ, ಎಂದು ಎಷ್ಟು ಸಲ ಹೇಳಿದ್ದಳೋ.

ಆಗಸ್ಟ್‌ನಲ್ಲೇ ಬಂದು ನೋಡಿ ಎಂದು ಹಟ ಹಿಡಿದವಳು ಕೊರಿನ್. ಜನವರಿಯಲ್ಲಿ ಬಂದರೆ ಲಾಸ್ ವೇಗಸ್ ಯಾರಿಗಾದರೂ ಹಿಡಿಸುತ್ತದೆ, ಆಗಸ್ಟ್‌ನಲ್ಲೂ ಹಿಡಿಸಿದರೆ ಮಾತ್ರ ಇಲ್ಲಿ ಬಾಳಬಹುದು ಎಂಬುದು ಅವಳ ವಾದ. ಹನ್ನೊಂದು ವರ್ಷದಿಂದ ಇಲ್ಲಿನ ಕ್ಯಾಸಿನೋ ಒಂದರಲ್ಲಿ ಹಗಲು ಪಾಳಿಯಲ್ಲಿ ಇಸ್ಪೀಟು ಎಲೆ ಹಂಚುವವಳು. ಮೇಜು ಬಿಟ್ಟೇಳುವಾಗ ಕೈ ತಟ್ಟಿ, ಅಂಗೈ ಅಗಲಿಸಿ, ಏನೂ ಬಚ್ಚಿಟ್ಟುಕೊಂಡಿಲ್ಲವೆಂದು ಮೇಲಿನ ಕ್ಯಾಮೆರಾಕ್ಕೆ ತೋರಿಸುವ ಅಭ್ಯಾಸ ಅವಳಿಗೆ ಊಟದ ಮೇಜಿಗೂ ಬಂದುಬಿಟ್ಟಿತ್ತು. ಈ ಬೆಳಿಗ್ಗೆ ತಿಂಡಿ ಮುಗಿಸಿ ಎದ್ದು ಹಾಗೆ ಮಾಡಿದಾಗ ಬರ್ನಿಸ್ ಥಟ್ಟನೆ ಮುಖ ತಿರುಗಿಸಿದ್ದಳು. ಹೊರಗೆ ನೂರಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್. ಕೆಂಪು ಬೆಟ್ಟಗಳು ಕಾಯಿಸಿದ ಕಬ್ಬಿಣದ ಹಾಗೆ ಕಣ್ಣಿಗೆ ಹೊಡೆಯುತ್ತಿದ್ದವು. ಸೀಟು ಬೆಲ್ಟಿನ ಬಕಲು ಮುಟ್ಟಲು ಕೊರಿನ್ ಕಾರಿನಲ್ಲಿ ಅಡುಗೆಮನೆಯ ಕೈಗವಸು ಇಟ್ಟಿದ್ದಳು. ಈ ಊರಿಗೆ ಬರೋಣ ಎಂದು ಕ್ಲೆಮ್ ರಿಟೈರ್ ಆದ ದಿನದಿಂದ ಕೇಳುತ್ತಿದ್ದ. ಹಿಮ ತೋಡಿ ತೋಡಿ ಸಾಕಾಗಿದೆ, ಮಗಳೂ ಅಲ್ಲೇ ಇದ್ದಾಳೆ. ಸತ್ತರೂ ಬರಲ್ಲ, ಎಂದಿದ್ದಳು ಬರ್ನಿಸ್. ಚರ್ಚು ಬಿಟ್ಟು, ತಂಗಿಯನ್ನು ಬಿಟ್ಟು, ಆ ಕಲ್ಲುಕಾಡಿಗೆ? ಈಗ ಅವಳೇ ಅವನನ್ನು ಕರೆದುಕೊಂಡು ಬಂದಿದ್ದಳು. ಎಲ್ಲರೂ ಅದನ್ನು ತ್ಯಾಗವೆಂದು ತಿಳಿದಿದ್ದರು. ತಂಗಿಯಂತೂ ಬೀಳ್ಕೊಡುವಾಗ ಅತ್ತಿದ್ದಳು. ನಿನ್ನಂಥ ಹೆಂಡತಿ ಯಾರಿಗೆ ಸಿಗ್ತಾಳೆ, ಎಂದು.

ಅಂಬರ್ ಮೆಸಾದ ಮಾದರಿ ಮನೆಯೊಳಗೆ ಗುಡಿಯ ತಂಪಿತ್ತು. ಐವತ್ತೈದು ದಾಟಿದವರಿಗೆ ಮಾತ್ರ ಇರುವ ಬಡಾವಣೆ ಅದು. ಅಂಗಳಕ್ಕೆ ಹಾಸುವ ಜಲ್ಲಿಕಲ್ಲಿನ ಬಣ್ಣ, ಬಾಗಿಲಿನ ಬಣ್ಣ, ಕಸದ ಡಬ್ಬಿ ಹೊರಗಿಡುವ ಹೊತ್ತು ಎಲ್ಲವನ್ನೂ ಅಲ್ಲಿನ ನಿವಾಸಿಗಳ ಸಂಘವೇ ಗೊತ್ತುಮಾಡುತ್ತಿತ್ತು. ಪ್ರತಿ ಕೋಣೆಯಲ್ಲೂ ಎಳೆದರೆ ನರ್ಸನ್ನು ಕರೆಯುವ ಬಿಳಿ ಹಗ್ಗ. ಬೀದಿಯಲ್ಲಿ ಒಬ್ಬ ಮನುಷ್ಯನಿಲ್ಲ. ಆ ನಿಶ್ಶಬ್ದ ಬರ್ನಿಸ್‌ಗೆ ಬಹಳ ಹಿಡಿಸಿತು. ಮನೆ ತೋರಿಸುತ್ತಿದ್ದ ಮಿಸೆಸ್ ಹಾಲ್‌ಸ್ಟೆಡ್ ಎಂಬ ನೀಟಾದ ಹೆಂಗಸು ಬರ್ನಿಸ್ ಜೊತೆ ಮೆಲ್ಲಗೆ ಮಾತಾಡುತ್ತಿದ್ದವಳು ಕ್ಲೆಮ್ ಕಡೆ ತಿರುಗಿದ ಕೂಡಲೇ ಕಿವುಡರ ಜೊತೆ ಕೂಗುವ ಹಾಗೆ ಕೂಗತೊಡಗಿದಳು. "ಇಲ್ಲಿ! ಬಾತ್‌ರೂಮಲ್ಲಿ! ಹಿಡ್ಕೊಳ್ಳೋಕೆ ಕಂಬಿ ಇದೆ! ಗೊತ್ತಾಯ್ತಾ?" ಕ್ಲೆಮ್ ಅವಳನ್ನೇ ನೋಡುತ್ತ ನಿಂತ. "ಗೊತ್ತಾಯ್ತಂತೆ," ಎಂದಳು ಬರ್ನಿಸ್. "ಅವರಿಗೆ ಈಜೋದು ಇಷ್ಟಾನಾ?" ಇಷ್ಟ, ಎಂದಳು ಬರ್ನಿಸ್. "ಬಣ್ಣದ ಕೆಲಸ, ಮರದ ಕೆಲಸದ ಕ್ಲಾಸೆಲ್ಲ ಇದೆ, ಸೇರ್ಕೊಂತಾರಾ?" ಸೇರ್ಕೊಂತಾನೆ, ಎಂದಳು. ಹದಿನೇಳು ತಿಂಗಳಲ್ಲಿ ಅವಳು ಇದರಲ್ಲಿ ಪಳಗಿದ್ದಳು. ಪ್ರಶ್ನೆ ಅವನನ್ನು ಮುಟ್ಟುವ ಮೊದಲೇ ಉತ್ತರ ಅವಳ ಗಂಟಲಲ್ಲಿ ತಯಾರಿರುತ್ತಿತ್ತು. ಮಿಸೆಸ್ ಹಾಲ್‌ಸ್ಟೆಡ್ ಕ್ಲೆಮ್‌ನ ಸತ್ತ ಬಲಗೈಯನ್ನು ತಟ್ಟಿ, "ಜಾಣ! ನಮ್ಮ ಮನೆ ಹೇಗಿದೆ ಹೇಳಿ ನೋಡೋಣ!" ಎಂದಳು. ಕ್ಲೆಮ್ ಸಾವಧಾನವಾಗಿ ಬಾಯಿ ತೆರೆದು, ಒಂದಕ್ಷರವೂ ತೊದಲದೆ, "ನಿಮ್ ಮನೆ ಹಾಳಾಗ" ಎಂದ.

ಕೊರಿನ್ ಕೆಮ್ಮು ಬಂದವಳ ಹಾಗೆ ಬಾಯಿಗೆ ಕೈ ಇಟ್ಟುಕೊಂಡು ಹೊರಗೆ ಓಡಿದಳು. ಬರ್ನಿಸ್‌ಗೆ ಕಿವಿಯವರೆಗೆ ಬಿಸಿಯಾಯಿತು. "ಅದು ಅವನ ಮಾತಲ್ಲ, ಕಾಯಿಲೆ ಮಾತು," ಎಂದಳು. ಅಯ್ಯೋ ನಂಗೆ ಅರ್ಥ ಆಗುತ್ತೆ, ನಮ್ಮಲ್ಲಿ ಇಂಥವರು ಬಹಳ ಜನ ಇದಾರೆ, ಎಂದಳು ಆಕೆ. ದನಿಯಲ್ಲಿ ನಿಜವಾದ ಮರುಕವಿತ್ತು, ಅದೇ ಹೆಚ್ಚು ನೋಯಿಸಿತು. ಮುಖ ತೊಳೆಯುವ ನೆಪದಲ್ಲಿ ಬರ್ನಿಸ್ ಮಾದರಿ ಮನೆಯ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬಂತು. ಅದು ಅವನ ಮಾತಲ್ಲ. ಅವನ ಮಾತು ಯಾವುದು ಹಾಗಾದರೆ? ಆ ಮಾರ್ಚ್ ತಿಂಗಳ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನು ಇದೇ ಊರಿನ ಮನೆಗಳ ಚಿತ್ರವಿದ್ದ ಪುಸ್ತಿಕೆ ತಂದು ಕಾಫಿ ಲೋಟದ ಪಕ್ಕ ಹರಡಿಕೊಂಡು ಕೂತಿದ್ದ. ಮತ್ತೆ ಶುರುವಾಯ್ತಾ, ಎಂದು ಅವಳು ರೇಗಿದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವನು ಏನೋ ಹೇಳಿದ, ನಾಲಿಗೆ ಹೊರಳದೆ, ಕುಡಿದವನ ಹಾಗೆ. ಅವಳನ್ನು ರೇಗಿಸಬೇಕಾದಾಗ ಅವನು ಕುಡುಕನ ದನಿ ತೆಗೆಯುವುದಿತ್ತು. ಲೋಟ ಉರುಳಿತು. ಅವಳು ಕೋಟು ಹಾಕಿಕೊಂಡು ಚರ್ಚಿಗೆ ಹೊರಟುಹೋದಳು. ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಅಲ್ಲಿ ಮೀನೂಟ. ನಾನೂರು ಜನಕ್ಕೆ ಮೀನಿಗೆ ಹಿಟ್ಟು ಹಚ್ಚುವ ಸಾಲಿನಲ್ಲಿ ಅವಳ ಜಾಗ ಇಪ್ಪತ್ತು ವರ್ಷದಿಂದ ಕಾಯಂ. ನಾಲ್ಕೂವರೆಗೆ ಹಿಂತಿರುಗಿದಾಗ ಅವನು ಅಡುಗೆಮನೆಯ ನೆಲದ ಮೇಲಿದ್ದ, ಕಣ್ಣು ತೆರೆದೇ ಇದ್ದ. ಆಸ್ಪತ್ರೆಯಲ್ಲಿ ಹುಡುಗಿಯಂಥ ಡಾಕ್ಟರೊಬ್ಬಳು, "ಇವರು ಕೊನೇ ಸಲ ಸರಿಯಾಗಿದ್ದಿದ್ದು ಯಾವಾಗ?" ಎಂದು ಕೇಳಿದಳು. "ನಾನು ಹೊರಡೋವಾಗ ಚೆನ್ನಾಗೇ ಇದ್ದ," ಎಂದಳು ಬರ್ನಿಸ್. ಬೆರಳ ಸಂದಿಯಲ್ಲಿ ಇನ್ನೂ ಹಿಟ್ಟು ಅಂಟಿತ್ತು. ಛೇ, ಶುರುವಾದ ಕೂಡಲೇ ಯಾರಾದರೂ ನೋಡಿದ್ದರೆ, ಎಂದು ಡಾಕ್ಟರ್ ಬರೆದುಕೊಳ್ಳುತ್ತ ಅಂದಳು. ಆ ಮಾತನ್ನು ಬರ್ನಿಸ್ ಯಾರಿಗೂ ಹೇಳಿರಲಿಲ್ಲ. ಪಾಪನಿವೇದನೆಗೆ ಕೂತಾಗ ಪಾದ್ರಿಗೂ ಹೇಳದೆ, ನೆರೆಯವಳ ಮೇಲಿನ ಹೊಟ್ಟೆಕಿಚ್ಚಿನಂಥ ಸಣ್ಣಪುಟ್ಟದನ್ನು ಹೇಳಿ ಎದ್ದುಬಂದಿದ್ದಳು. ಅವಳು ಹೊರಟದ್ದನ್ನು ಕಂಡವನು ಕ್ಲೆಮ್ ಒಬ್ಬನೇ. ಅವನಿಗೆ ಮಾತಿರಲಿಲ್ಲ.

ಅವಳನ್ನು ತಿನ್ನುತ್ತಿದ್ದದ್ದು ಅದಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಬಫಲೋದಲ್ಲಿ ಮಾತು ಕಲಿಸುವ ಹುಡುಗಿ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದಳು. ಕುರ್ಚಿ. ಮರ. ಒಂದು ದಿನ ಮೀನಿನ ಚಿತ್ರ ಬಂತು. ಕ್ಲೆಮ್ ಅದನ್ನು ಬಹಳ ಹೊತ್ತು ನೋಡಿದ. ತುಟಿ ಅಲುಗಿತು, ಹಣೆಯ ನರ ಉಬ್ಬಿತು, ಇನ್ನೇನು ಬಂತು ಎನ್ನುವಾಗ ಹಿಂದೆ ಕೂತಿದ್ದ ಬರ್ನಿಸ್, "ಮೀನು!" ಎಂದುಬಿಟ್ಟಳು. "ನೀವು ಹೇಳ್ಬೇಡಿ ಮೇಡಂ. ಅವರಾಗೇ ಹೇಳ್ಲಿ," ಎಂದಳು ಹುಡುಗಿ. ಸಹಾಯ ಮಾಡಲು ಹೋದೆ ಎಂದುಕೊಂಡಿದ್ದಳು ಬರ್ನಿಸ್ ಅಂದು. ಈಗ ಈ ಕನ್ನಡಿಯ ಮುಂದೆ, ಯಾರೂ ವಾಸಿಸದ ಮನೆಯ ಯಾರೂ ಮುಖ ಒರೆಸದ ಟವೆಲಿನಲ್ಲಿ ಮುಖ ಒರೆಸಿಕೊಳ್ಳುವಾಗ, ಆ ಮೀನು ಅವನ ಬಾಯಿಂದ ಬರುವುದು ತನಗೆ ಬೇಕಿರಲಿಲ್ಲ ಎಂಬುದು ನೆಟ್ಟಗೆ ಎದುರಿಗೆ ಬಂದು ನಿಂತಿತು. ಅವಳು ಟವೆಲನ್ನು ಮೊದಲಿದ್ದ ಹಾಗೇ ಮಡಿಸಿ ಇಡಲು ನೋಡಿದಳು. ಆ ಮಡಿಕೆ ಬರಲಿಲ್ಲ. ಹೊರಗೆ ಬಂದು, "ನಂಗೆ ಇದು ಒಪ್ಪಿಗೆ," ಎಂದಳು. "ಇನ್ನೊಂದು ಮನೆ ನೋಡದೇನೇನಾ?" ಎಂದಳು ಕೊರಿನ್. "ಅದು ಆಸ್ಪತ್ರೆಗೆ ದೂರ." "ಅಪ್ಪನ್ನ ಕೇಳ್ದ್ಯಾ?" "ಅವನಿಗೂ ಒಪ್ಪಿಗೆ." ಕ್ಲೆಮ್ ಅಷ್ಟರಲ್ಲಿ ಬಾಗಿಲು ದಾಟಿ, ಕೋಲೂರುತ್ತ ಕಾರಿನ ಕಡೆ ಹೊರಟಿದ್ದ. ಕಾರಿನ ಬಾಗಿಲ ಹಿಡಿ ಮುಟ್ಟಿ, ಕೈ ಸುಟ್ಟುಕೊಂಡು, ಇಡೀ ಅಂಬರ್ ಮೆಸಾಕ್ಕೆ ಕೇಳುವ ಹಾಗೆ ಬೈದ.

ಕೊರಿನ್ ಬಿಡದೆ ಕರೆದುಕೊಂಡು ಹೋದ ಮಿಷನ್ ವೆಲ್ಸ್ ಊರಿನ ಆಚೆ ತುದಿಯಲ್ಲಿ, ಪೂರ್ವಕ್ಕೆ, ಬೋಳುಗುಡ್ಡಗಳ ಬುಡದಲ್ಲಿತ್ತು. ಮೂವತ್ತು ವರ್ಷ ಹಳೆಯ ಬಡಾವಣೆ; ಗೇಟಿಲ್ಲ. ಒಂದು ಅಂಗಳದಲ್ಲಿ ದೋಣಿ ನಿಂತಿತ್ತು, ಇನ್ನೊಂದರಲ್ಲಿ ಟೈರು. ಗೋಡೆಯ ಆಚೆಯಿಂದ ಯಾರದೋ ಕೋಳಿ ಕೂಗಿತು. ದಾರಿಯುದ್ದಕ್ಕೂ ಬರ್ನಿಸ್ ಗಡಿಯಾರ ನೋಡುತ್ತಲೇ ಇದ್ದಳು. ಇಲ್ಲಿಗೆ ಅತಿ ಹತ್ತಿರದ ಆಸ್ಪತ್ರೆಗೆ ಹತ್ತೊಂಬತ್ತು ನಿಮಿಷ, ರಸ್ತೆ ಖಾಲಿಯಿದ್ದರೆ. ಕೊರಿನ್‌ಗೆ ಪರಿಚಯದ ದಲ್ಲಾಳಿ, ಬಾಗಿಲಿಗೆ ತೂಗುಹಾಕಿದ್ದ ಬೀಗದ ಕೈ ಪೆಟ್ಟಿಗೆಯ ನಂಬರು ಕೊಟ್ಟಿದ್ದಳು. ಕೊರಿನ್ ಅದನ್ನು ತಿರುಗಿಸುತ್ತಿರುವಾಗ ಪಕ್ಕದ ಮನೆಯಿಂದ ಅಗಲವಾದ ಹುಲ್ಲಿನ ಟೋಪಿ ಹಾಕಿದ, ಎಪ್ಪತ್ತರ ಮೇಲಿನ ಗಿಡ್ಡ ಮನುಷ್ಯನೊಬ್ಬ ನೀರಿನ ಪೈಪು ಕೆಳಗಿಟ್ಟು ಬಂದ. ಹೆಸರು ಎಫ್ರೆನ್ ಮನಾಲೊ. ಫಿಲಿಪೀನ್ಸಿನವನು, ದೊಡ್ಡ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಮಾಡಿ ರಿಟೈರ್ ಆದವನು. ಇಷ್ಟೂ ಅವನು ಅಂಗಳ ದಾಟಿ ಬರುವಷ್ಟರಲ್ಲಿ ತಾನಾಗಿ ಹೇಳಿಕೊಂಡ. ಹಸಿರು ಬಲೆಯ ನೆರಳಿನಡಿ ಅವನ ಹಾಗಲಬಳ್ಳಿ ಹಬ್ಬಿತ್ತು. "ಈ ಬಿಸಿಲಿಗೆ ಬೇರೆಲ್ಲ ಸತ್ತೋಗುತ್ತೆ ಸಾರ್. ಹಾಗಲಕಾಯಿ ಮಾತ್ರ, ಹೆಂಡತಿ ತಂಗೀರ ಹಾಗೆ, ಎಷ್ಟು ಓಡಿಸಿದ್ರೂ ಹೋಗಲ್ಲ." ಕ್ಲೆಮ್ ಗಹಗಹಿಸಿ ನಕ್ಕ. "ಎಲ್ಲಿಂದ ಬಂದಿದೀರ ಸಾರ್?" ಎಂದು ಎಫ್ರೆನ್ ಕೇಳಿದ. "ಬಫಲೋ," ಎಂದಳು ಬರ್ನಿಸ್. ಎಫ್ರೆನ್ ಅವಳ ಕಡೆ ತಲೆಬಾಗಿ, "ಥ್ಯಾಂಕ್ಸ್ ಮೇಡಂ. ನಾನು ಸಾರನ್ನ ಕೇಳ್ದೆ," ಎಂದ.

"ಅವರಿಗೆ ಸ್ಟ್ರೋಕ್ ಆಗಿದೆ. ಮಾತು ಬರಲ್ಲ."

"ಅದು ಕಾಣ್ಸುತ್ತೆ ಮೇಡಂ. ನಮ್ಮಣ್ಣಂಗೂ ಆಗಿತ್ತು. ನಂಗೇನು ಅವಸರ ಇಲ್ಲ."

ಅವನು ಟೋಪಿ ತೆಗೆದು ಎದೆಗಿಟ್ಟುಕೊಂಡು ನಿಂತ, ಸುಮ್ಮನೆ, ಬಸ್ಸಿಗೆ ಕಾಯುವವರ ಹಾಗೆ. ಕ್ಲೆಮ್ ಬಾಯಿ ತೆರೆದ. "ಮಂ," ಎಂದ. ಇಲ್ಲವೆಂದು ತಲೆಯಾಡಿಸಿದ. ಮತ್ತೆ ತೆರೆದ. ಬೆವರು ಅವನ ಕಿವಿಯ ಹಿಂದಿನಿಂದ ಇಳಿಯಿತು. ಅವನ ಬಾಯಿ ಯಾವ ಆಕಾರಕ್ಕೆ ಹೊರಳುತ್ತಿದೆಯೋ ಅದೇ ಆಕಾರಕ್ಕೆ ತನ್ನ ತುಟಿ ಹೊರಳುತ್ತಿರುವುದು ಗೊತ್ತಾಗಿ ಬರ್ನಿಸ್ ಹಲ್ಲಿನಿಂದ ಕಚ್ಚಿ ಹಿಡಿದಳು. ಈ ಅಪರಿಚಿತ ಯಾರು, ಬಿಸಿಲಲ್ಲಿ ನಿಲ್ಲಿಸಿ ನನ್ನ ಗಂಡನ ಮರ್ಯಾದೆ ತೆಗೆಯಲು? ಒಂದು ನಿಮಿಷವಾಯಿತೇ, ಎರಡಾಯಿತೇ? ಗಡಿಯಾರ ನೋಡಿಕೊಳ್ಳುವುದು ಅವಳಿಗೆ ಮೊದಲ ಸಲ ಮರೆತುಹೋಯಿತು. ದೂರದಲ್ಲಿ ಆ ಕೋಳಿ ಇನ್ನೊಮ್ಮೆ ಕೂಗಿತು. "ಹಿ," ಎಂದ ಕ್ಲೆಮ್. "ಹಿಮ." ಎಫ್ರೆನ್ ಗಂಭೀರವಾಗಿ ತಲೆಯಾಡಿಸಿದ. "ಓ, ಹಿಮದ ಊರು. ನಾನು ಒಂದೇ ಸಲ ನೋಡಿರೋದು ಸಾರ್. ನೋಡಿ ಹೆದರ್ಕೊಂಡು ಒಳಗೆ ಹೋದೆ." ಕ್ಲೆಮ್ ಎಡಗೈಯಿಂದ ಅವನ ಭುಜ ಹಿಡಿದು ಅಲುಗಾಡಿಸಿದ, ಎಷ್ಟೋ ವರ್ಷದ ಗೆಳೆಯನನ್ನು ಅಲುಗಾಡಿಸುವ ಹಾಗೆ. ಬಾಗಿಲಲ್ಲಿ ನಿಂತಿದ್ದ ಕೊರಿನ್ ಕೈಯಿಂದ ಬೀಗದ ಕೈ ಕೆಳಗೆ ಬಿತ್ತು.

ದಣಿದ ದಿನಗಳಲ್ಲಿ ಅಪ್ಪ ಬಳಸುವ ಗಾಲಿಕುರ್ಚಿ ಬಾತ್‌ರೂಮಿನ ಬಾಗಿಲಲ್ಲಿ ಹಿಡಿಯುತ್ತದೆಯೋ ಅಳೆದು ಬರುತ್ತೇನೆಂದು ಅವಳು ಒಳಗೆ ಹೋದಳು. ಸುಸ್ತಾಗಿದ್ದ ಕ್ಲೆಮ್‌ನನ್ನು ಬರ್ನಿಸ್ ಕಾರಿನಲ್ಲಿ ಕೂರಿಸಿ, ಎಂಜಿನ್ ಚಾಲೂ ಮಾಡಿ, ತಣ್ಣನೆ ಗಾಳಿಯನ್ನು ಅವನ ಕಡೆ ತಿರುಗಿಸಿ, ತಾನು ಡ್ರೈವರ್ ಸೀಟಿನಲ್ಲಿ ಕೂತಳು. ಅವನ ಮುಖ ಬೆಳಗುತ್ತಿತ್ತು. ಹಿಮ, ಎಂದ ಮತ್ತೆ, ತನ್ನಷ್ಟಕ್ಕೆ, ಹೊಸ ಬೂಟು ಹಾಕಿ ನೋಡುವವನ ಹಾಗೆ. ಹಿಮ. ಈ ಮನೆಗೆ ಬಂದರೆ ಆ ಟೋಪಿಯ ಮನುಷ್ಯ ದಿನಾ ಬೆಳಿಗ್ಗೆ ಗೋಡೆಯಾಚೆ ನಿಂತು ಕಾಯುತ್ತಾನೆ. ಇವತ್ತು ಹಿಮ, ನಾಳೆ ಮರ, ಆಮೇಲೆ ಮೀನು, ಆಮೇಲೆ ಕೋಟು, ಬಾಗಿಲು, ಹೋದಳು. ಆ ಇನ್ನೊಂದು ಕಡೆ ಬಿಳಿ ಹಗ್ಗವಿತ್ತು, ನಿಶ್ಶಬ್ದವಿತ್ತು, ನಾಲ್ಕು ನಿಮಿಷವಿತ್ತು. ಯಾರೂ ಅವನನ್ನು ಏನೂ ಕೇಳುವುದಿಲ್ಲ; ಕೇಳಿದರೆ ಅವಳನ್ನು ಕೇಳುತ್ತಾರೆ. ಆ ನಾಲ್ಕು ನಿಮಿಷ ಅವನಿಗಾಗಿ ಎಂದು ಬೆಳಿಗ್ಗೆಯಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದಳಲ್ಲ.

"ಕ್ಲೆಮ್," ಎಂದಳು. "ಆ ಶುಕ್ರವಾರ."

ಅವನು ತಿರುಗಿದ. ಬೆಳಕು ಮುಖದಿಂದ ಹೋಗಿರಲಿಲ್ಲ ಇನ್ನೂ.

"ನೀನು ತಮಾಷೆಗೆ ಹಾಗೆ ಮಾತಾಡ್ತಿದೀಯ ಅಂದ್ಕೊಂಡೆ. ಕುಡುಕನ ಥರ. ಹಂಗೆ ಅಂದ್ಕೊಂಡು ಹೋದೆ." ನಿಲ್ಲಿಸಿದಳು. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಇಷ್ಟನ್ನು ಯಾರಾದರೂ ಕ್ಷಮಿಸುತ್ತಿದ್ದರು. "ಅದೂ ಪೂರ್ತಿ ನಿಜ ಅಲ್ಲ. ಬಾಗಿಲ ಹತ್ರ ತಿರುಗಿ ನೋಡ್ದೆ. ನಿನ್ನ ಬಾಯಿ ಸೊಟ್ಟಗಾಗಿತ್ತು. ಕಾಫಿ ತೊಡೆ ಮೇಲೆ ಚೆಲ್ಲಿದ್ರೂ ನೀನು ಅಲುಗಾಡ್ಲಿಲ್ಲ. ನೋಡ್ದೆ ಕ್ಲೆಮ್. ಏನೋ ಆಗಿದೆ ಅಂತ ಗೊತ್ತಾಯ್ತು. ಆದ್ರೂ ಹೋದೆ. ಸಿಟ್ಟಿತ್ತು ನಂಗೆ. ಒದ್ದಾಡ್ಲಿ ಒಂದ್ ಸ್ವಲ್ಪ ಹೊತ್ತು, ಅಂತ ಅನ್ನಿಸ್ತು. ಆಸ್ಪತ್ರೇಲಿ ಸುಳ್ಳು ಹೇಳ್ದೆ."

ಕ್ಲೆಮ್ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ, ಮಗುವೊಂದನ್ನು ಜಗಳದಿಂದ ಪಕ್ಕಕ್ಕೆ ಸರಿಸುವವನಂತೆ. ಆಮೇಲೆ ಎಡಮುಷ್ಟಿಯಿಂದ ಡ್ಯಾಶ್‌ಬೋರ್ಡನ್ನು ಗುದ್ದಿದ. ಇನ್ನೊಮ್ಮೆ ಗುದ್ದಿದ. "ಹಾಳಾಗ್ ಹೋಗು," ಎಂದ. ನಾಲಿಗೆ ತೊದಲಲಿಲ್ಲ. ಆದರೆ ಅದು ಕಾಯಿಲೆಯ ಮಾತಾಗಿರಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಆ ವ್ಯತ್ಯಾಸ ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಯಿತು. ಹದಿನೇಳು ತಿಂಗಳಿಂದ ಅವನನ್ನು ತೊಳೆದಿದ್ದಳು, ಉಣಿಸಿದ್ದಳು, ಅವನ ಪರವಾಗಿ ಜಗತ್ತಿಗೆಲ್ಲ ಉತ್ತರ ಕೊಟ್ಟಿದ್ದಳು. ಈಗ ಅವಳ ಪಕ್ಕದಲ್ಲಿ ಸಿಟ್ಟಿನಿಂದ ನಡುಗುತ್ತ ಕೂತಿದ್ದವನು ಅವಳ ಗಂಡನಾಗಿದ್ದ. ಅವನು ಬಾಗಿಲು ತೆಗೆದ. ಕೋಲಿಗೆ ತಡಕಾಡಿದ. ಅವಳು ಎತ್ತಿ ಕೊಡಲು ಬಗ್ಗಿದಾಗ ಅವಳ ಕೈಯನ್ನು ತಳ್ಳಿ, ತಾನೇ ಹಿಡಿದು, ತಾನೇ ಇಳಿದ. ಬಲಗಾಲನ್ನು ಎಳೆಯುತ್ತ ಎಫ್ರೆನ್‌ನ ಹಸಿರು ಬಲೆಯ ಕಡೆ ಹೋದ. ಬರ್ನಿಸ್ ಕಾರಿನಲ್ಲಿ ಉಳಿದ ಕ್ಲೆಮ್‌ನ ಟೋಪಿ ಹಿಡಿದು ಕೆಳಗಿಳಿದು ಹಿಂದೆ ಹೋಗಲು ನಾಲ್ಕು ಹೆಜ್ಜೆಯಿಟ್ಟವಳು ಅಂಗಳದ ಅಂಚಿನಲ್ಲಿ ನಿಂತಳು. ಎಫ್ರೆನ್ ಏನೂ ಕೇಳದೆ ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದ. ಕ್ಲೆಮ್ ಅವಳಿಗೆ ಬೆನ್ನು ಮಾಡಿ ಕೂತ.

ಎಷ್ಟು ಹೊತ್ತು ನಿಂತಿದ್ದಳೋ. ಪಾದರಕ್ಷೆಯ ಅಟ್ಟೆಯೊಳಗಿಂದ ನೆಲ ಸುಡುತ್ತಿತ್ತು. ಅವನು ತನ್ನನ್ನು ಬಿಟ್ಟುಬಿಡಬಹುದು, ಮಗಳ ಜೊತೆ ಇದ್ದುಬಿಡಬಹುದು, ಎಂದು ಯೋಚಿಸಿದಳು. ಯೋಚಿಸಿದಾಗ ಹೆದರಿಕೆಯ ಜೊತೆಗೇ, ಬಿಗಿ ಬೂಟು ಕಳಚಿದ ಕಾಲಿಗೆ ಆಗುವಂಥದ್ದೊಂದು ಆಯಿತು. ಕೊರಿನ್ ಟೇಪು ಸುತ್ತುತ್ತ ಹೊರಗೆ ಬಂದು, "ಕುರ್ಚಿ ಹಿಡಿಯುತ್ತೆ," ಎಂದವಳು ತಾಯಿಯ ಮುಖ ನೋಡಿದಳು. "ಏನಾಯ್ತು?"

"ಅಪ್ಪಂಗೆ ನನ್ನ ಮೇಲೆ ಸಿಟ್ಟು ಬಂದಿದೆ."

"ಯಾಕೆ?"

"ಅವನೇ ಹೇಳ್ತಾನೆ. ಹೇಳೋಕೆ ಬಂದಾಗ."

ಆಗ ಕ್ಲೆಮ್ ಎದ್ದ. ಅವಳ ಕಡೆ ನೋಡದೆ, ಮಾರಾಟಕ್ಕಿದ್ದ ಮನೆಯ ಮುಂಬಾಗಿಲವರೆಗೆ ಒಬ್ಬನೇ ನಡೆದು ಹೋಗಿ, ಗೋಡೆಗೆ ಕೋಲಿನಿಂದ ಎರಡು ಸಲ ಬಡಿದ. "ಹೌದು," ಎಂದ. ಕೊರಿನ್ ತಾಯಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇಲ್ಲಿಂದ ಆಸ್ಪತ್ರೆಗೆ ಹತ್ತೊಂಬತ್ತು ನಿಮಿಷ ಅಮ್ಮ. ಯೋಚ್ನೆ ಮಾಡು," ಎಂದಳು. "ಹೌದು ಅಂದ್ನಲ್ಲ," ಎಂದಳು ಬರ್ನಿಸ್.

ನವೆಂಬರಿನಲ್ಲಿ ಅವರು ಮಿಷನ್ ವೆಲ್ಸ್‌ಗೆ ಬಂದು ನೆಲೆಸಿದರು. ಕ್ಲೆಮ್‌ನ ಸಿಟ್ಟು ಸುಲಭದ್ದಾಗಿರಲಿಲ್ಲ. ವಾರಗಟ್ಟಲೆ ಅವನು ಅವಳ ಕೈಯಿಂದ ತಿನ್ನಲಿಲ್ಲ; ಎಡಗೈಯಲ್ಲಿ ಚಮಚ ಹಿಡಿದು ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ತಾನೇ ತಿಂದ. ಗುಂಡಿ ಹಾಕಲು ಬಂದರೆ ತಳ್ಳಿದ. ಒಂದು ದಿನ ತಳ್ಳಲಿಲ್ಲ. ಅವಳು ಗುಂಡಿ ಹಾಕಿ ಮುಗಿಸುವವರೆಗೆ ಚಾವಣಿ ನೋಡುತ್ತ ನಿಂತಿದ್ದು, ಕೊನೆಗೆ ಗದ್ದವನ್ನು ಒಂದು ಕ್ಷಣ ಅವಳ ನೆತ್ತಿಯ ಮೇಲಿಟ್ಟು ತೆಗೆದ. ಬೆಳಿಗ್ಗೆ ಬೆಳಿಗ್ಗೆ ಎಫ್ರೆನ್ ಗೋಡೆಯಾಚೆಯಿಂದ ಕೂಗುತ್ತಿದ್ದ. ಇಬ್ಬರೂ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ಒಬ್ಬನದು ಒಂದೇ ಸಮ ಮಾತು, ಇನ್ನೊಬ್ಬನದು ಅರ್ಧ ಗಂಟೆಗೊಂದು ಪದ. ನೀರು ಬಂತು, ಕೋಳಿ ಬಂತು, ಮುಠ್ಠಾಳ ಎಂದು ಅನುವಾದಿಸಬಹುದಾದ ಫಿಲಿಪೀನ್ಸಿನ ಬೈಗುಳವೊಂದೂ ಬಂತು. ಬರ್ನಿಸ್ ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದಳು. ಪ್ರತಿ ಪದಕ್ಕೂ ಎದೆ ಧಸಕ್ಕೆನ್ನುತ್ತಿತ್ತು, ಆಮೇಲಾಮೇಲೆ ಅಷ್ಟಿಲ್ಲ.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಕೊರಿನ್ ಊಟಕ್ಕೆ ಬಂದಿದ್ದಳು. ಕಿಟಕಿಗಳು ತೆರೆದಿದ್ದವು, ಹಿತವಾದ ಬಿಸಿಲು. ಆಲೂಗಡ್ಡೆಯ ಹೂರಣ ತುಂಬಿದ ಪಿಯೆರೋಗಿ ಕಡುಬನ್ನು ಬೆಣ್ಣೆಯಲ್ಲಿ ಹುರಿದು ಬರ್ನಿಸ್ ಬಡಿಸುತ್ತಿದ್ದಳು. "ಅಪ್ಪ, ಒಂದು ಮಾತು ಕೇಳ್ತೀನಿ," ಎಂದಳು ಕೊರಿನ್. "ಮನೆ ನೋಡಕ್ಕೆ ಬಂದ ದಿನ ಅಮ್ಮನ ಮೇಲೆ ಯಾಕಷ್ಟು ಸಿಟ್ಟಾದೆ? ಕೇಳಿದ್ರೆ ನೀನೇ ಹೇಳ್ತೀಯ ಅಂದಿದ್ಲು." ಬರ್ನಿಸ್ ಕೈಯ ಬಾಣಲೆ ಒಲೆಯ ಮೇಲೆ ಹೋಗಿ ಕೂತಿತು. ಬೆಂಕಿ ಆರಿಸಿ ಬಂದು ಅವಳು ಮೇಜಿನ ಆಚೆ ಕೂತಳು.

ಕ್ಲೆಮ್ ಫೋರ್ಕು ಕೆಳಗಿಟ್ಟ. "ಶುಕ್ರ," ಎಂದ. "ಶುಕ್ರವಾರ." ಅಷ್ಟಕ್ಕೇ ಕೊರಿನ್ ಉಸಿರು ಹಿಡಿದಳು. "ಅಮ್ಮ. ಸಿಟ್ಟು. ನಾನು." ಅವನು ತನ್ನ ಬಾಯಿಯ ಬಲಪಕ್ಕವನ್ನು ಬೆರಳಿನಿಂದ ಕೆಳಕ್ಕೆಳೆದು ತೋರಿಸಿದ. "ನೋಡಿದ್ಲು." ಬಹಳ ಹೊತ್ತು ಕಳೆಯಿತು. ಬರ್ನಿಸ್‌ಗೆ ಆ ಪದ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು, ಕೊಟ್ಟುಬಿಟ್ಟರೆ ಮುಗಿಯುತ್ತಿತ್ತು. ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದು ಕೂತಳು. "ಹೋದ್ಲು," ಎಂದ ಕ್ಲೆಮ್.

ಕೊರಿನ್ ತಾಯಿಯ ಕಡೆ ತಿರುಗಿದಳು. ಅವಳ ಮುಖ ಎಲೆ ಹಂಚುವಾಗಿನ ಮುಖವಾಗಿತ್ತು, ಯಾವ ಲಕ್ಷಣವೂ ಇಲ್ಲದ್ದು. "ನಿಜಾನಾ?"

"ನಿಜ."

"ಗೊತ್ತಿದ್ದೂ?"

"ಗೊತ್ತಿದ್ದೂ."

ಕೊರಿನ್ ತಟ್ಟೆಯನ್ನು ದೂರ ಸರಿಸಿದಳು. ಎದ್ದು ಹೋಗುತ್ತಾಳೆ, ಇನ್ನು ಬರುವುದಿಲ್ಲ, ಎಂದುಕೊಂಡಳು ಬರ್ನಿಸ್. ಹೋದರೆ ಅದು ನ್ಯಾಯವೇ. ಆದರೆ ಕ್ಲೆಮ್ ಮುಗಿಸಿರಲಿಲ್ಲ. ಅವನು ಎಡಗೈ ಎತ್ತಿ, ತಾಳಿ, ಎಂಬಂತೆ ಆಡಿಸುತ್ತಿದ್ದ. "ಬೆ," ಎಂದ. "ಬೆ. ಬೆಕ್ಕು." ಬರ್ನಿಸ್ ತಲೆಯೆತ್ತಿದಳು. ಆ ಐದೂವರೆ ಗಂಟೆಯನ್ನು ಅವಳು ಸಾವಿರ ಸಲ ಮನಸ್ಸಿನಲ್ಲಿ ಕಂಡಿದ್ದಳು: ನೆಲ, ಚೆಲ್ಲಿದ ಕಾಫಿ, ಒಬ್ಬನೇ ಬಿದ್ದಿರುವ ಗಂಡ, ಅವನ ಕಣ್ಣು. ಒಂದು ಸಲವೂ ಅಲ್ಲಿ ಬೆಕ್ಕು ಇರಲಿಲ್ಲ. ಇದು ಅವಳಿಗೆ ಗೊತ್ತಿಲ್ಲದ ಪದ. ಕ್ಲೆಮ್ ತನ್ನ ಎದೆಯ ಮೇಲೆ ಅಂಗೈ ಇಟ್ಟು, ಅಲ್ಲೇನೋ ಭಾರವಾದದ್ದು ಮಲಗಿದೆ ಎಂಬಂತೆ ಸವರಿದ. ಅವನ ಮುಖದಲ್ಲಿ ನಗು ಬರುತ್ತಿತ್ತು.

"ಬೆಕ್ಕಾ? ನಮ್ಮನೇಲಿ ಬೆಕ್ಕೇ ಇರ್ಲಿಲ್ವಲ್ಲ," ಎಂದಳು ಕೊರಿನ್. ಅವಳ ದನಿ ಒಡೆದಿತ್ತು. "ಅಮ್ಮ, ಯಾವ ಬೆಕ್ಕು? ಯಾರ್ದು? ಒಳಗೆ ಹೇಗೆ ಬಂತು? ನೀನು ಕಿಟಕಿ ಏನಾದ್ರೂ ತೆಗೆದಿಟ್ಟು—"

ಕ್ಲೆಮ್ ಮೇಜನ್ನು ತಟ್ಟಿದ. ತಟ್ಟೆಗಳು ಕುಣಿದವು.

"ನಾನ್ ಹೇಳ್ತಿದೀನಲ್ಲ!" ಎಂದ.

ಮೂವರೂ ಬೆಚ್ಚಿದರು, ಎಲ್ಲರಿಗಿಂತ ಹೆಚ್ಚು ಅವನೇ. ಕೊರಿನ್ ಬಾಯಿ ಮುಚ್ಚಿದಳು. ಬರ್ನಿಸ್ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಮುಂದೇನಾಯಿತೆಂದು ಕೇಳಲು ಕೂತಳು.